ದೂರದಿಂದಲೇ ಗಣಕ ನಡೆಸುವ ವಿದ್ಯೆ: ಉಪಯೋಗ ಮತ್ತು ಎಚ್ಚರ

ಮನೆಗೊಂದು ಗಣಕಯಂತ್ರ ಬಂದ ಮೇಲೆ ಮನೆಗೊಂದು ಹೊಸ ಚಿಂತೆಯೂ ಬಂದಿದೆ. ಅದು ಕೆಟ್ಟು ನಿಂತಾಗ, ಅಥವಾ ಕೆಡದೆಯೂ ನಮ್ಮ ಮಾತು ಕೇಳದಾದಾಗ, ಯಾರನ್ನು ಕರೆಯುವುದು? ದಾವಣಗೆರೆ, ಹರಿಹರಗಳ ಅನೇಕ ಮನೆಗಳಲ್ಲಿ ಇಂದು ಉಳಿದಿರುವವರು ವಯಸ್ಸಾದ ತಂದೆತಾಯಿಗಳು. ಗಣಕವನ್ನು ಬಲ್ಲ ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಅಮೆರಿಕದಲ್ಲೋ ಇರುತ್ತಾರೆ. ‘ಅಪ್ಪಾಜಿ, ಎಡಗಡೆ ಕೆಳಗೆ ಒಂದು ಗುರುತು ಕಾಣ್ತದಲ್ಲ, ಅದನ್ನ ಒತ್ತಿ’ ಎಂದು ಮಗ ದೂರವಾಣಿಯಲ್ಲಿ ಹೇಳುತ್ತಾನೆ. ಅಪ್ಪಾಜಿಯವರ ಕಣ್ಣಿಗೆ ಅಲ್ಲಿ ಐದು ಗುರುತುಗಳು ಕಾಣುತ್ತವೆ. ಅರ್ಧ ಗಂಟೆಯ ಮಾತಿನ ಕೊನೆಗೆ ಮಗನಿಗೆ ಬೇಸರ, ತಂದೆಗೆ ಸಂಕೋಚ. ಕೆಲಸ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಈ ಕಷ್ಟವನ್ನು ನಿವಾರಿಸಬಲ್ಲ ಸಾಧನವೊಂದು ಬಹುಕಾಲದಿಂದ ಇದೆ, ಅದೂ ಉಚಿತವಾಗಿ. ಅದಕ್ಕೆ ‘ರಿಮೋಟ್ ಡೆಸ್ಕ್‌ಟಾಪ್’ ಎಂದು ಹೆಸರು. ಹರಿಹರದ ಮನೆಯಲ್ಲಿರುವ ಗಣಕದ ಪರದೆಯನ್ನು ಬೆಂಗಳೂರಿನ ಗಣಕದಲ್ಲಿ ಕಂಡು, ಅಲ್ಲಿಂದಲೇ ಅದರ ಮೌಸನ್ನೂ ಕೀಲಿಮಣೆಯನ್ನೂ ಆಡಿಸುವ ವಿದ್ಯೆ ಇದು. ಇದರಿಂದ ಆಗುವ ಉಪಕಾರ ದೊಡ್ಡದು. ಇದೇ ಸಾಧನವನ್ನು ಹಿಡಿದು ವೃದ್ಧರ ಜೀವಮಾನದ ಉಳಿತಾಯವನ್ನು ಗಳಿಗೆಯಲ್ಲಿ ದೋಚುವವರೂ ಇದ್ದಾರೆ. ಆದುದರಿಂದ ಇದರ ಸ್ವರೂಪ, ಬಳಕೆ ಮತ್ತು ಅಪಾಯ ಈ ಮೂರನ್ನೂ ಒಂದೆಡೆ ವಿವೇಚಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮಠದ ಪಾಠಶಾಲೆಯಲ್ಲಿ ಓದಿದವರಿಗೆ ಗಣಕದ ಗೊಡವೆ ಏಕೆ ಎಂದು ಕೇಳುವವರುಂಟು. ನಮ್ಮ ನೆರೆಯ ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಪಾಣಿನಿಯ ಸಂಸ್ಕೃತ ವ್ಯಾಕರಣವನ್ನು ಗಣಕಕ್ಕೆ ಅಳವಡಿಸಿ ‘ಗಣಕಾಷ್ಟಾಧ್ಯಾಯೀ’ ಎಂಬ ತಂತ್ರಾಂಶವನ್ನು ರೂಪಿಸಿದ್ದಾರೆ. ಹಳೆಯ ವಿದ್ಯೆಗೂ ಹೊಸ ಯಂತ್ರಕ್ಕೂ ಹಗೆತನವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹುಟ್ಟಿದ ಬಗೆ

ದೂರದ ವಸ್ತುವನ್ನು ಕುಳಿತಲ್ಲಿಂದಲೇ ಕಾಣಬೇಕೆಂಬ ಆಸೆ ಗಣಕ ವಿಜ್ಞಾನಿಗಳಲ್ಲಿ ಚಿಗುರಿದ ಒಂದು ಪ್ರಸಂಗ ವಿನೋದಕರವಾಗಿದೆ. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಕ ಪ್ರಯೋಗಾಲಯದಲ್ಲಿ ಹಲವು ಕೊಠಡಿಗಳ ಸಂಶೋಧಕರಿಗೆಲ್ಲ ಒಂದೇ ಕಾಫಿ ಪಾತ್ರೆಯಿತ್ತು. ದೂರದ ಕೊಠಡಿಯವರು ಮೆಟ್ಟಿಲಿಳಿದು ಬಂದಾಗ ಪಾತ್ರೆ ಬರಿದಾಗಿರುತ್ತಿತ್ತು. ಇದಕ್ಕೆ ಪರಿಹಾರವಾಗಿ ಪಾತ್ರೆಯ ಎದುರು ಒಂದು ಕ್ಯಾಮೆರಾ ನಿಲ್ಲಿಸಿ, ಅದರ ಚಿತ್ರವು ಎಲ್ಲರ ಪರದೆಯ ಮೇಲೆ ಮೂಡುವಂತೆ ಇಬ್ಬರು ಸಂಶೋಧಕರು ಏರ್ಪಡಿಸಿದರು. ಅವರಲ್ಲಿ ಒಬ್ಬರು ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್.

ಇದೇ ಸ್ಟಾಫರ್ಡ್-ಫ್ರೇಸರ್ ಅವರು ಮುಂದೆ ಅದೇ ಊರಿನ ಒಲಿವೆಟ್ಟಿ ಸಂಶೋಧನಾಲಯದಲ್ಲಿ ಟ್ರಿಸ್ಟನ್ ರಿಚರ್ಡ್‌ಸನ್, ಆಂಡಿ ಹಾರ್ಟರ್, ಆಂಡಿ ಹಾಪರ್ ಮೊದಲಾದವರೊಡನೆ ಕೂಡಿ ‘ವಿ.ಎನ್.ಸಿ.’ ಎಂಬ ವ್ಯವಸ್ಥೆಯನ್ನು ಬೆಳೆಸಿದರು. ಕೇವಲ ನೋಡುವುದಲ್ಲ, ಕೈಯಾಡಿಸುವುದೂ ಇದರಿಂದ ಸಾಧ್ಯವಾಯಿತು. 1998ರಲ್ಲಿ ಈ ತಂತ್ರಾಂಶವನ್ನು ಅದರ ಮೂಲ ಬರಹದ ಸಮೇತ ಲೋಕಕ್ಕೆ ಉಚಿತವಾಗಿ ಬಿಟ್ಟುಕೊಟ್ಟರು. ಆ ಸಂಶೋಧನಾಲಯವು ಮುಂದೆ ಎ.ಟಿ. ಅಂಡ್ ಟಿ. ಸಂಸ್ಥೆಯ ಕೈಸೇರಿ 2002ರಲ್ಲಿ ಮುಚ್ಚಿಹೋಯಿತು. ಸಂಸ್ಥೆ ಅಳಿದರೂ ವಿದ್ಯೆ ಅಳಿಯಲಿಲ್ಲ. ಮೂಲ ಬರಹವು ಎಲ್ಲರ ಸ್ವತ್ತಾಗಿದ್ದುದರಿಂದ ಟೈಟ್ ವಿ.ಎನ್.ಸಿ., ಅಲ್ಟ್ರಾ ವಿ.ಎನ್.ಸಿ. ಮುಂತಾದ ಕವಲುಗಳು ಅದರಿಂದ ಒಡೆದವು. ಇತ್ತ ಮೈಕ್ರೋಸಾಫ್ಟ್ ಸಂಸ್ಥೆಯು 1998ರಲ್ಲಿಯೇ ‘ಆರ್.ಡಿ.ಪಿ.’ ಎಂಬ ತನ್ನದೇ ಪದ್ಧತಿಯನ್ನು ಹೊರತಂದು, 2001ರ ವಿಂಡೋಸ್ ಎಕ್ಸ್‌ಪಿ ವೃತ್ತಿಪರ ಆವೃತ್ತಿಯಲ್ಲಿ ಅದನ್ನು ಸೇರಿಸಿತು.

ಕೆಲಸ ಮಾಡುವ ರೀತಿ

ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಹಿರಿಯರು ಬಲ್ಲರು. ಆ ಕಾರ್ಖಾನೆ ಇಂದಿಲ್ಲ. ಅಲ್ಲಿ ತಯಾರಾದ ಲೇತ್ ಯಂತ್ರಗಳ ಹೆಸರು ಉಳಿದಿದೆ. ಲೇತ್ ನಡೆಸುವವನು ಅದರ ಪಕ್ಕದಲ್ಲಿಯೇ ನಿಂತು ಹಿಡಿಕೆಯನ್ನು ತಿರುಗಿಸಬೇಕು. ಗಣಕದ ಪ್ರಕೃತಿ ಬೇರೆ. ಕೀಲಿಯನ್ನು ಒತ್ತಿದಾಗ ಯಂತ್ರದೊಳಕ್ಕೆ ಹೋಗುವುದು ಒಂದು ಸಂಕೇತ ಮಾತ್ರ. ಆ ಸಂಕೇತವು ಒಂದು ಮೊಳದ ತಂತಿಯಿಂದ ಬಂದಿತೋ ಮುನ್ನೂರು ಮೈಲಿಯಾಚೆಯಿಂದ ಬಂದಿತೋ ಎಂಬುದು ಯಂತ್ರಕ್ಕೆ ಮುಖ್ಯವಲ್ಲ.

ಹಾಗೆಯೇ ಪರದೆ ಎಂಬುದು ಬಣ್ಣದ ಚುಕ್ಕೆಗಳ ಸಮೂಹ. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಸಾಮಾನ್ಯ ಪರದೆಯಲ್ಲಿ ಒಟ್ಟು 20,73,600 ಚುಕ್ಕೆಗಳು. ಒಂದೊಂದರ ಬಣ್ಣಕ್ಕೆ ಮೂರು ಬೈಟ್‌ನಂತೆ ಲೆಕ್ಕ ಹಿಡಿದರೆ ಒಂದು ಚಿತ್ರಕ್ಕೆ 62 ಲಕ್ಷ ಬೈಟ್‌ಗಳಿಗೂ ಹೆಚ್ಚಾಗುತ್ತದೆ. ಸೆಕೆಂಡಿಗೆ 30 ಚಿತ್ರಗಳನ್ನು ಹಾಗೆಯೇ ಕಳುಹಿಸಲು ಹೊರಟರೆ 18 ಕೋಟಿ ಬೈಟ್‌ಗಳನ್ನು ಮೀರುತ್ತದೆ. ಮನೆಯ ಅಂತರಜಾಲ ಇದನ್ನು ಹೊರಲಾರದು. ಅದಕ್ಕಾಗಿ ವಿ.ಎನ್.ಸಿ. ಜನಕರು ಒಂದು ಜಾಣತನ ಮಾಡಿದರು. ಇಡೀ ಪರದೆಯನ್ನು ಮತ್ತೆ ಮತ್ತೆ ಕಳುಹಿಸದೆ, ಬದಲಾದ ಭಾಗವನ್ನು ಮಾತ್ರ ಚೌಕವಾಗಿ ಕತ್ತರಿಸಿ, ಅಡಕಗೊಳಿಸಿ ಕಳುಹಿಸುವುದು. ಪತ್ರವನ್ನು ಬೆರಳಚ್ಚು ಮಾಡುವಾಗ ಬದಲಾಗುವುದು ಒಂದೆರಡು ಅಕ್ಷರಗಳ ಜಾಗವಷ್ಟೆ. ಆದುದರಿಂದ ಸಾಧಾರಣ ಸಂಪರ್ಕದಲ್ಲಿಯೂ ಕೆಲಸ ಸಾಗುತ್ತದೆ. ಚಲನಚಿತ್ರ ನೋಡಹೊರಟರೆ ಮಾತ್ರ ತಡವರಿಸುತ್ತದೆ.

ಮನೆಯ ಗಣಕಕ್ಕೆ ಹೊರಗಿನಿಂದ ನೇರವಾಗಿ ತಲುಪುವ ವಿಳಾಸ ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಇಂದಿನ ತಂತ್ರಾಂಶಗಳು ಮಧ್ಯಸ್ಥ ಗಣಕವೊಂದನ್ನು ಇಟ್ಟಿರುತ್ತವೆ. ಎರಡೂ ಕಡೆಯ ಯಂತ್ರಗಳು ತಾವಾಗಿಯೇ ಹೋಗಿ ಅಲ್ಲಿ ಭೇಟಿಯಾಗುತ್ತವೆ. ಮಧ್ಯಸ್ಥನು ನಂಬಿಗಸ್ತನೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಅದಕ್ಕೆ ಮುಂದೆ ಬರುತ್ತೇವೆ.

ಹಲವು ವ್ಯವಸ್ಥೆ, ಒಂದೇ ಪರದೆ

ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದನು. ಅಲ್ಲಿಯ ಮೂರ್ತಿಯಲ್ಲಿ ಅರ್ಧಭಾಗ ಹರ, ಅರ್ಧಭಾಗ ಹರಿ. ಒಂದು ಇನ್ನೊಂದರಲ್ಲಿ ಕರಗಿಹೋಗದೆ ಎರಡೂ ಒಂದೇ ವಿಗ್ರಹದಲ್ಲಿ ನಿಂತಿವೆ. ಗಣಕಲೋಕದಲ್ಲಿಯೂ ವಿಂಡೋಸ್, ಮ್ಯಾಕ್, ಲಿನಕ್ಸ್ ಎಂಬ ಬೇರೆ ಬೇರೆ ಕಾರ್ಯವ್ಯವಸ್ಥೆಗಳಿವೆ. ಒಂದಕ್ಕಾಗಿ ಬರೆದ ತಂತ್ರಾಂಶ ಇನ್ನೊಂದರಲ್ಲಿ ನೇರವಾಗಿ ನಡೆಯದು. ರಿಮೋಟ್ ಡೆಸ್ಕ್‌ಟಾಪ್ ಈ ಭೇದವನ್ನು ಅಳಿಸುವುದಿಲ್ಲ. ಒಂದರ ಪರದೆಯನ್ನು ಇನ್ನೊಂದರ ಚೌಕಟ್ಟಿನೊಳಗೆ ತಂದು ತೋರಿಸುತ್ತದೆ. ಇದರ ಪ್ರಯೋಜನವನ್ನು ನಮ್ಮ ಊರಿನ ಎರಡು ನಿದರ್ಶನಗಳಿಂದ ತಿಳಿಯಬಹುದು.

ಮೊದಲನೆಯದು ವ್ಯಾಪಾರದ್ದು. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ಅಂಗಡಿಗಳಲ್ಲಿ ಲೆಕ್ಕ ಬರೆಯುವುದಕ್ಕೆ ‘ಟ್ಯಾಲಿ’ ರೂಢಿಯಲ್ಲಿದೆ. ಬೆಂಗಳೂರಿನ ಸಂಸ್ಥೆಯೊಂದು ರೂಪಿಸಿದ ಈ ತಂತ್ರಾಂಶ ನಡೆಯುವುದು ವಿಂಡೋಸ್‌ನಲ್ಲಿ. ಅಂಗಡಿಯ ಯಜಮಾನರ ಮಗಳು ಬೆಂಗಳೂರಿನಲ್ಲಿ ಲೆಕ್ಕಪರಿಶೋಧನೆಯ ವೃತ್ತಿಯಲ್ಲಿದ್ದು ಮ್ಯಾಕ್ ಗಣಕವನ್ನು ಬಳಸುತ್ತಾಳೆಂದು ಊಹಿಸಿಕೊಳ್ಳೋಣ. ತಿಂಗಳ ಕೊನೆಯ ಲೆಕ್ಕವನ್ನು ಆಕೆ ನೋಡಬೇಕಾದರೆ ಮ್ಯಾಕ್‌ನಲ್ಲಿ ಟ್ಯಾಲಿ ಇಲ್ಲವೆಂದು ಕೊರಗಬೇಕಾದುದಿಲ್ಲ. ಅಂಗಡಿಯ ಗಣಕದಲ್ಲಿಯೇ ಟ್ಯಾಲಿ ನಡೆಯುತ್ತದೆ. ಆಕೆಯ ಮ್ಯಾಕ್ ಅದರ ಚಿತ್ರವನ್ನು ತೋರಿಸುತ್ತದೆ. ಲೆಕ್ಕದ ಕಡತವು ಅಂಗಡಿಯನ್ನು ಬಿಟ್ಟು ಹೊರಗೆ ಹೋಗುವ ಅಗತ್ಯವೂ ಇಲ್ಲ.

ಎರಡನೆಯದು ಕನ್ನಡದ್ದು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಸಿದ್ಧವಾದ ಪತ್ರ, ಪುಸ್ತಕಗಳು ನಮ್ಮ ಸಂಘಸಂಸ್ಥೆಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ರಾಶಿಯಾಗಿವೆ. ಇವು ಯೂನಿಕೋಡ್‌ಗೆ ಸೇರಿದವಲ್ಲ. ಆ ಅಕ್ಷರಗಳಿಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ದಾಟಿಬರುವುದು ಅಕ್ಷರದ ಸಂಕೇತವಲ್ಲ, ಅದರ ಚಿತ್ರ. ಆದುದರಿಂದ ಲಿನಕ್ಸ್ ಗಣಕದ ಮುಂದೆ ಕುಳಿತವರೂ ದಾವಣಗೆರೆಯ ವಿಂಡೋಸ್ ಗಣಕದಲ್ಲಿರುವ ನುಡಿಯ ಬರಹವನ್ನು ಇದ್ದುದು ಇದ್ದಂತೆ ಓದಿ ತಿದ್ದಬಹುದು. ತಮ್ಮ ಕಡೆಯ ಕೀಲಿಮಣೆಯನ್ನು ಇಂಗ್ಲಿಷ್‌ನಲ್ಲಿಯೇ ಇಟ್ಟರೆ ಆಚೆಯ ನುಡಿಯು ಸಾಮಾನ್ಯವಾಗಿ ಅದನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುತ್ತದೆ. ಆದರೆ ಅಲ್ಲಿಂದ ನಕಲು ತೆಗೆದು ಇಲ್ಲಿ ಅಂಟಿಸಲು ಹೋದರೆ ಮತ್ತೆ ರೋಮನ್ ಗೊಂದಲವೇ. ನೋಡುವುದಕ್ಕೆ ಚಿತ್ರ ಸಾಕು. ಒಯ್ಯುವುದಕ್ಕೆ ಯೂನಿಕೋಡ್ ಬೇಕು ಎಂಬುದನ್ನು ನೆನಪಿಡಬೇಕು.

ಉಚಿತವೆಂದರೆ ಯಾವ ಉಚಿತ?

ಉಚಿತ ತಂತ್ರಾಂಶಗಳಲ್ಲಿ ಎರಡು ಬಗೆ. ಒಂದು ದಾಸೋಹದಂಥದು: ಮೂಲ ಬರಹವೇ ಎಲ್ಲರಿಗೂ ತೆರೆದಿದ್ದು, ಮನೆಯವರೂ ವ್ಯಾಪಾರಿಗಳೂ ಭೇದವಿಲ್ಲದೆ ಬಳಸಬಹುದು. ಟೈಟ್ ವಿ.ಎನ್.ಸಿ. ಮತ್ತು ಈಚಿನ ‘ರಸ್ಟ್‌ಡೆಸ್ಕ್’ ಈ ವರ್ಗದವು. ರಸ್ಟ್‌ಡೆಸ್ಕ್‌ನಲ್ಲಿ ಬಲ್ಲವರು ಮಧ್ಯಸ್ಥ ಗಣಕವನ್ನೂ ತಾವೇ ಇಟ್ಟುಕೊಳ್ಳಬಹುದು. ಇನ್ನೊಂದು ಮಾಲೀಕರಿರುವ ಉಚಿತ: ಜರ್ಮನಿಯ ಟೀಮ್‌ವ್ಯೂವರ್, ಎನಿಡೆಸ್ಕ್ ಇವು ಮನೆಯ ಸ್ವಂತ ಬಳಕೆಗೆ ಮಾತ್ರ ಉಚಿತ, ಅಂಗಡಿಯ ಕೆಲಸಕ್ಕೆ ಹಣ ತೆರಬೇಕು. ಮೇಲೆ ಹೇಳಿದ ಟ್ಯಾಲಿಯಂಥ ಕೆಲಸಕ್ಕೆ ಮನೆಬಳಕೆಯ ಅನುಮತಿಯನ್ನು ಉಪಯೋಗಿಸುವುದು ನ್ಯಾಯವಲ್ಲ. ಸಂಪರ್ಕವು ನಡುವೆಯೇ ಕಡಿದುಹೋಗುವುದೂ ಉಂಟು.

ಎರಡೂ ಕಡೆ ವಿಂಡೋಸ್ ಇದ್ದರೆ ಅದರಲ್ಲಿಯೇ ಇರುವ ‘ಕ್ವಿಕ್ ಅಸಿಸ್ಟ್’ ಸಾಕಾಗುತ್ತದೆ. ಮೈಕ್ರೋಸಾಫ್ಟ್‌ನ ಆರ್.ಡಿ.ಪಿ. ಪದ್ಧತಿಯಲ್ಲಿ ವಿಂಡೋಸ್ ‘ಹೋಮ್’ ಆವೃತ್ತಿಯ ಗಣಕವು ಇನ್ನೊಂದನ್ನು ನೋಡಬಲ್ಲುದೇ ಹೊರತು ತನ್ನನ್ನು ತೋರಿಸಿಕೊಳ್ಳಲಾರದು. ಅದಕ್ಕೆ ‘ಪ್ರೊ’ ಆವೃತ್ತಿ ಬೇಕು. ವಿ.ಎನ್.ಸಿ.ಯ ಮೂಲ ಪದ್ಧತಿಯಲ್ಲಿ ಗುಪ್ತಪದದ ಮೊದಲ 8 ಅಕ್ಷರಗಳಷ್ಟೇ ಲೆಕ್ಕಕ್ಕೆ ಬರುತ್ತವೆ, ಮುಂದಿನ ವ್ಯವಹಾರ ಗೂಢಲಿಪಿಯಲ್ಲಿ ಸಾಗುವುದಿಲ್ಲ. ಆದುದರಿಂದ ಅದನ್ನು ಒಂದೇ ಮನೆಯ ಅಥವಾ ಕಚೇರಿಯ ಒಳಗೆ ಬಳಸಬಹುದು. ಬೇರೆ ರಕ್ಷಣೆಯಿಲ್ಲದೆ ಅಂತರಜಾಲಕ್ಕೆ ತೆರೆದಿಡಬಾರದು.

ವೃದ್ಧರಿರುವ ಮನೆಗೆ ‘ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್’ ಸುಲಭವೆಂದು ನಮಗೆ ತೋರುತ್ತದೆ. ಇದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಸಹಾಯ ಬೇಕಾದವರು ತಮ್ಮ ಗಣಕದಲ್ಲಿ ಒಂದು ಗುಂಡಿ ಒತ್ತಿದರೆ 12 ಅಂಕಿಗಳ ಸಂಖ್ಯೆ ಮೂಡುತ್ತದೆ. ಅದನ್ನು ಮಗನಿಗೋ ಮಗಳಿಗೋ ದೂರವಾಣಿಯಲ್ಲಿ ಹೇಳಬೇಕು. ಬಳಿಕ ಪರದೆಯ ಮೇಲೆ ಕೇಳುವ ಅನುಮತಿಗೆ ಒಪ್ಪಿಗೆ ಕೊಡಬೇಕು. ಆ ಸಂಖ್ಯೆ ಒಂದೇ ಸಲಕ್ಕೆ ಸಲ್ಲುತ್ತದೆ. ಅರ್ಧ ಗಂಟೆಗೊಮ್ಮೆ ‘ಮುಂದುವರಿಸಲೇ?’ ಎಂದು ಮನೆಯವರನ್ನೇ ಮತ್ತೆ ಕೇಳುತ್ತದೆ. ಅಧಿಕಾರವು ಸಹಾಯ ಪಡೆಯುವವರ ಕೈಯಲ್ಲಿಯೇ ಉಳಿಯುವ ಈ ಕ್ರಮ ಉಚಿತವಾದುದು.

ಯಾರೂ ಇಲ್ಲದ ಮನೆಯ ಗಣಕವನ್ನು ಸಂಪರ್ಕಿಸಬೇಕಾದರೆ ಸ್ಥಿರವಾದ ಗುಪ್ತಸಂಖ್ಯೆಯ ವ್ಯವಸ್ಥೆಯೂ ಇದೆ. ಆದರೆ ಆ ಗಣಕ ನಿದ್ರೆಗೆ ಜಾರದಂತೆ, ವಿದ್ಯುತ್ ಹೋಗಿ ಬಂದಾಗ ತಾನಾಗಿಯೇ ಚಾಲೂ ಆಗುವಂತೆ ಮೊದಲೇ ಹೊಂದಿಸಿರಬೇಕು. ಇಲ್ಲವಾದರೆ ದೂರದ ಕೈ ಎಷ್ಟು ಚಾಚಿದರೂ ಎಟುಕದು.

ಅಪಾಯ ಎಲ್ಲಿದೆ?

ಇನ್ನು ಮುಖ್ಯವಾದ ಮಾತು. 2019ರ ಫೆಬ್ರವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ದೇಶದ ಬ್ಯಾಂಕುಗಳಿಗೆ ಒಂದು ಎಚ್ಚರಿಕೆ ಕಳುಹಿಸಿತು. ಎನಿಡೆಸ್ಕ್‌ನಂಥ ತಂತ್ರಾಂಶವನ್ನು ಗ್ರಾಹಕರ ಮೊಬೈಲಿಗೆ ಹಾಕಿಸಿ, ಅದರಲ್ಲಿ ಮೂಡುವ 9 ಅಂಕಿಗಳ ಸಂಖ್ಯೆಯನ್ನು ಕೇಳಿ ಪಡೆದು, ಖಾತೆಯ ಹಣವನ್ನು ಲಪಟಾಯಿಸುತ್ತಿರುವ ಬಗ್ಗೆ ಆ ಎಚ್ಚರಿಕೆಯಿತ್ತು. ತಂತ್ರಾಂಶವು ದುಷ್ಟವಾದುದಲ್ಲ, ಮಗನು ತಂದೆಗೆ ನೆರವಾಗಲು ಬಳಸುವ ಸಾಧನವೇ ಅದು. ಹಿಡಿದ ಕೈ ಬೇರೆ, ಅಷ್ಟೆ.

ವಂಚಕರ ಪದ್ಧತಿ ಹೀಗಿದೆ. ಬ್ಯಾಂಕಿನವರೆಂದೋ ವಿದ್ಯುತ್ ಕಚೇರಿಯವರೆಂದೋ ಕರೆ ಬರುತ್ತದೆ. ‘ತಮ್ಮ ಖಾತೆ ಸಂಜೆಯೊಳಗೆ ನಿಂತುಹೋಗುತ್ತದೆ, ಸಾರ್’ ಎಂದು ಮೊದಲು ಹೆದರಿಸುತ್ತಾರೆ. ಆಮೇಲೆ, ತಾವೇ ಸರಿಮಾಡಿಕೊಡುವುದಾಗಿ ವಿನಯದಿಂದ ಹೇಳಿ ತಂತ್ರಾಂಶವನ್ನು ಹಾಕಿಸುತ್ತಾರೆ. ಪರೀಕ್ಷೆಗೆಂದು ಹತ್ತು ರೂಪಾಯಿ ಕಳುಹಿಸಲು ಹೇಳುತ್ತಾರೆ. ಆ ಹತ್ತು ರೂಪಾಯಿ ಅವರಿಗೆ ಬೇಕಾಗಿಲ್ಲ; ಕಳುಹಿಸುವಾಗ ಒತ್ತುವ ಗುಪ್ತಪದವನ್ನು ನೋಡುವುದೇ ಅವರ ಉದ್ದೇಶ. ‘ಓ.ಟಿ.ಪಿ.ಯನ್ನು ಯಾರಿಗೂ ಹೇಳಬೇಡಿ’ ಎಂಬ ಬುದ್ಧಿವಾದವನ್ನು ನಮ್ಮ ಹಿರಿಯರು ಚೆನ್ನಾಗಿ ಕಲಿತಿದ್ದಾರೆ. ಇಲ್ಲಿ ಅದು ಸಾಲದು. ಪರದೆಯೇ ಅವರ ಕಣ್ಣೆದುರು ಇರುವಾಗ ಓ.ಟಿ.ಪಿ.ಯನ್ನು ಹೇಳಬೇಕಾದ ಪ್ರಮೇಯವೇ ಇಲ್ಲ. ಬಂದೊಡನೆ ಅವರೇ ಓದಿಕೊಳ್ಳುತ್ತಾರೆ.

ಇನ್ನು ಮಧ್ಯಸ್ಥನ ಪ್ರಶ್ನೆ. 2024ರ ಫೆಬ್ರವರಿಯಲ್ಲಿ ಎನಿಡೆಸ್ಕ್ ಸಂಸ್ಥೆಯು ತನ್ನದೇ ಗಣಕವ್ಯವಸ್ಥೆಗೆ ಕಳ್ಳರು ನುಗ್ಗಿದ್ದರೆಂದು ಬಹಿರಂಗಪಡಿಸಿ, ಹೊಸ ಆವೃತ್ತಿಯನ್ನು ಹಾಕಿಕೊಳ್ಳುವಂತೆ ಬಳಕೆದಾರರನ್ನು ಕೋರಿತು. ತಯಾರಿಸಿದವರ ಮನೆಗೇ ಕನ್ನ ಬೀಳಬಹುದಾದರೆ, ಬಳಸುವವರು ಬೇಕಾದಾಗ ತೆರೆದು ಕೆಲಸ ಮುಗಿದೊಡನೆ ಮುಚ್ಚುವುದೇ ಕ್ಷೇಮ.

ಹಣ ಹೋದ ಮೇಲೆ ಬ್ಯಾಂಕು ತುಂಬಿಕೊಡುತ್ತದೆಯೇ? 2017ರ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು, ಗ್ರಾಹಕರ ಅಜಾಗ್ರತೆಯಿಂದ ನಷ್ಟವಾದಲ್ಲಿ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ಗ್ರಾಹಕರೇ ಹೊರಬೇಕೆಂದೂ, ತಿಳಿಸಿದ ನಂತರದ ನಷ್ಟ ಬ್ಯಾಂಕಿನದೆಂದೂ ಹೇಳಿತು. ಆದುದರಿಂದ ಇಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ನಾಚಿಕೆಯಿಂದ ಮುಚ್ಚಿಟ್ಟುಕೊಂಡಷ್ಟೂ ನಷ್ಟ ಬೆಳೆಯುತ್ತದೆ.

ಮನೆಮಂದಿ ಪಾಲಿಸಬೇಕಾದ ನಿಯಮಗಳು

1. ಕರೆದವರು ಯಾರು ಎಂಬುದೇ ಮೊದಲ ಪರೀಕ್ಷೆ. ನಾವಾಗಿ ನಮ್ಮ ಮಕ್ಕಳನ್ನು ಕರೆದು ಸಹಾಯ ಬೇಡಿದರೆ ಸರಿ. ತಾವಾಗಿ ಕರೆದು ‘ಸಹಾಯ ಮಾಡುತ್ತೇವೆ’ ಎನ್ನುವ ಅಪರಿಚಿತರಿಗೆ ಪರದೆಯನ್ನು ತೋರಿಸಲೇಬಾರದು. ಅವರು ನಿಜವಾಗಿ ಬ್ಯಾಂಕಿನವರೇ ಎಂಬ ವಿಚಾರಣೆಯೂ ಬೇಡ; ಫೋನ್ ಇಟ್ಟು, ಪಾಸ್‌ಬುಕ್ಕಿನಲ್ಲಿರುವ ಶಾಖೆಗೆ ಹೋಗಿ ಕೇಳಬಹುದು.

2. ಮಗನೇ ಸಂಪರ್ಕದಲ್ಲಿದ್ದರೂ ಬ್ಯಾಂಕಿನ ಪುಟವನ್ನು ಮುಚ್ಚಿಯೇ ಅನುಮತಿ ಕೊಡುವ ರೂಢಿ ಇರಲಿ. ಇದು ಅಪನಂಬಿಕೆಯಲ್ಲ, ಶಿಸ್ತು.

3. ತಂತ್ರಾಂಶವನ್ನು ಮಕ್ಕಳು ಊರಿಗೆ ಬಂದಾಗ ಅವರೇ ಹಾಕಿಕೊಡಲಿ. ಫೋನಿನಲ್ಲಿ ಯಾರೋ ಹೇಳಿದ ಕೊಂಡಿಯಿಂದ ಹಾಕಿಕೊಳ್ಳಬಾರದು.

4. ಕೆಲಸ ಮುಗಿದ ಮೇಲೆ ಸಂಪರ್ಕ ಕಡಿದಿದೆಯೇ ಎಂದು ನೋಡಬೇಕು. ಮೊಬೈಲಿನಲ್ಲಿ ಇಂಥ ತಂತ್ರಾಂಶ ಬೇಕಿಲ್ಲದಿದ್ದರೆ ಇಡದಿರುವುದೇ ಲೇಸು.

5. ಮೋಸವಾಯಿತೆಂದು ತಿಳಿದ ಕ್ಷಣವೇ ಅಂತರಜಾಲವನ್ನು ನಿಲ್ಲಿಸಿ, ಬೇರೊಂದು ಫೋನಿನಿಂದ ಬ್ಯಾಂಕಿಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ತಿಳಿಸಬೇಕು. ಆಮೇಲೆ ಆ ತಂತ್ರಾಂಶವನ್ನು ತೆಗೆದು, ಗುಪ್ತಪದಗಳನ್ನು ಬೇರೆ ಯಂತ್ರದಿಂದ ಬದಲಾಯಿಸಬೇಕು.

ಕಿರಿಯರಿಗೂ ಒಂದು ಮಾತು ಹೇಳುವುದಿದೆ. ದೂರದಿಂದ ತಂದೆಯ ಗಣಕವನ್ನು ಹಿಡಿದು, ಅವರು ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಸಿ ಹೊರಟುಬಿಡುವುದು ಸುಲಭ. ಆಗ ತಂದೆಗೆ ಉಳಿಯುವುದು ‘ಇದು ನನ್ನಿಂದಾಗದು’ ಎಂಬ ಭಾವನೆಯೊಂದೇ. ‘ಯಾರೋ ಬಲ್ಲವರು ಮಾಡುತ್ತಾರೆ, ನಾನು ನೋಡುತ್ತಿದ್ದರೆ ಸಾಕು’ ಎಂಬ ಆ ರೂಢಿಯನ್ನೇ ನಾಳೆ ವಂಚಕನು ಬಳಸಿಕೊಳ್ಳುತ್ತಾನೆ. ಆದುದರಿಂದ ಮೌಸನ್ನು ನಿಧಾನವಾಗಿ ಆಡಿಸಿ, ಏನು ಮಾಡುತ್ತಿದ್ದೇವೆಂದು ಬಾಯಲ್ಲಿ ಹೇಳಿ, ಎರಡನೆಯ ಸಲ ಅವರ ಕೈಯಿಂದಲೇ ಮಾಡಿಸಬೇಕು. ಹತ್ತು ನಿಮಿಷ ಹೆಚ್ಚು ಹಿಡಿಯಬಹುದು, ಹಿಡಿಯಲಿ. ಅಕ್ಷರ ತಿದ್ದಿಸಿದ ಕೈಗೆ ಇಂದು ನಾವು ತಿದ್ದಿಸುವ ಸರದಿ ಬಂದಿದೆ.

ಹಿರಿಯರು ತಮ್ಮ ಯಂತ್ರದ ಅಧಿಕಾರವನ್ನು ತಾವೇ ಇಟ್ಟುಕೊಂಡು, ಕಿರಿಯರು ತಾಳ್ಮೆಯಿಂದ ಕಲಿಸುತ್ತ ಬಂದರೆ, ಊರೂರುಗಳಿಗೆ ಹಂಚಿಹೋದ ಕುಟುಂಬಗಳಿಗೆ ಈ ಉಚಿತ ಸಾಧನವು ನಿಜವಾದ ಉಪಕಾರವನ್ನು ಮಾಡಬಲ್ಲುದು. ಬರುವ ಹಬ್ಬಕ್ಕೆ ಮಕ್ಕಳು ಮನೆಗೆ ಬಂದಾಗ ಒಂದು ಗಂಟೆಯನ್ನು ಇದಕ್ಕಾಗಿ ತೆಗೆದಿಡಬೇಕೆಂದು ನಾವು ವಾಚಕ ಬಂಧುಗಳಲ್ಲಿ ಕೋರುತ್ತೇವೆ.